ಗೋಲ್ಡ್ ಫಿಷ್ ವಾರದೊಳಗೆ ಸಾಯುವುದೇಕೆ? ಮೀನು ತರುವ ಮುನ್ನ ನೀರು ಸಾಕುವುದನ್ನು ಕಲಿಯಿರಿ

ಭಾನುವಾರ ಮಕ್ಕಳ ಹಠಕ್ಕೆ ಮಣಿದು ಅಂಗಡಿಯಿಂದ ಎರಡು ಗೋಲ್ಡ್ ಫಿಷ್ ತರುತ್ತಾರೆ. ಜೊತೆಗೊಂದು ದುಂಡನೆಯ ಗಾಜಿನ ಬೋಗುಣಿ, ಬಣ್ಣದ ಕಲ್ಲು, ಒಂದು ಡಬ್ಬಿ ಆಹಾರ. ಸೋಮವಾರ, ಮಂಗಳವಾರ ಮನೆಯೆಲ್ಲ ಸಂಭ್ರಮ. ಬುಧವಾರ ಮೀನು ಮಂಕಾಗಿ ತಳ ಸೇರುತ್ತದೆ. ಗುರುವಾರ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತದೆ. ಶುಕ್ರವಾರ ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಮಗು ಅಳುತ್ತದೆ. 'ಅಂಗಡಿಯವನು ರೋಗದ ಮೀನು ಕೊಟ್ಟ' ಎಂದು ಅಪ್ಪ, 'ಯಾರದ್ದೋ ದೃಷ್ಟಿ ತಗುಲಿತು' ಎಂದು ಅಜ್ಜಿ. ಮುಂದಿನ ಭಾನುವಾರ ಮತ್ತೆರಡು ಮೀನು ಬರುತ್ತವೆ, ಅವೂ ಅದೇ ದಾರಿ ಹಿಡಿಯುತ್ತವೆ.

ಮುಂಬೈ, ಪುಣೆ, ಬೆಂಗಳೂರು, ಚೆನ್ನೈ, ಯಾವ ಊರಿನ ಫ್ಲ್ಯಾಟ್‌ನಲ್ಲಾದರೂ ಈ ಕಥೆ ಹೆಚ್ಚುಕಡಿಮೆ ಒಂದೇ. ಇಲ್ಲಿ ಬಹಳಷ್ಟು ಸಲ ತಪ್ಪು ಅಂಗಡಿಯವನದ್ದೂ ಅಲ್ಲ, ದೃಷ್ಟಿಯದ್ದೂ ಅಲ್ಲ. ಮೀನು ಸಾಯುವುದು ತನ್ನದೇ ಕಶ್ಮಲದ ವಿಷದಿಂದ. ಅದನ್ನು ತಡೆಯುವುದು ಕಷ್ಟವೇನಲ್ಲ. ಒಂದೇ ಮಾತು ನೆನಪಿಟ್ಟರೆ ಸಾಕು: ಮೀನು ಸಾಕುವುದೆಂದರೆ ಮೊದಲು ನೀರು ಸಾಕುವುದು.

ಇದು ವಾರದ ಅತಿಥಿಯಲ್ಲ

ಗೋಲ್ಡ್ ಫಿಷ್ ಕಾರ್ಪ್ ಮೀನುಗಳ ಬಳಗಕ್ಕೆ ಸೇರಿದ್ದು. ನಮ್ಮ ಕಾಟ್ಲಾ, ರೋಹುಗಳೂ ಇದೇ ಬಳಗದವು. ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ ಬೂದುಬಣ್ಣದ ಸಾಧಾರಣ ಮೀನುಗಳ ನಡುವೆ ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದ ಹೊಂಬಣ್ಣದ ಮೀನುಗಳನ್ನು ಆರಿಸಿ, ಕೊಳಗಳಲ್ಲಿ ಬೆಳೆಸಿ ಈ ತಳಿ ರೂಪಿಸಿದರು. ಅಲ್ಲಿಂದ ಜಪಾನಿಗೆ, 17ನೇ ಶತಮಾನದಲ್ಲಿ ಯುರೋಪಿಗೆ ಹೋಯಿತು. ಅಂದರೆ ಇದು ಮೂಲತಃ ಕೊಳದ ಮೀನು, ಬೋಗುಣಿಯ ಮೀನಲ್ಲ.

ಸರಿಯಾಗಿ ನೋಡಿಕೊಂಡರೆ ಗೋಲ್ಡ್ ಫಿಷ್ ಹತ್ತು ಹದಿನೈದು ವರ್ಷ ಸಲೀಸಾಗಿ ಬದುಕುತ್ತದೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಸಿಕ್ಕ 'ಟಿಶ್' ಎಂಬ ಗೋಲ್ಡ್ ಫಿಷ್ 1999ರವರೆಗೆ, ಅಂದರೆ 43 ವರ್ಷ ಬದುಕಿ ಗಿನ್ನೆಸ್ ದಾಖಲೆ ಸೇರಿತು. ಒಂದನೇ ತರಗತಿಯ ಮಗುವಿಗೆ ತಂದುಕೊಟ್ಟ ಮೀನು ಆ ಮಗು ಕಾಲೇಜು ಸೇರುವವರೆಗೂ ಮನೆಯಲ್ಲಿರಬಹುದು. ಮೀನು ಕೊಳ್ಳುವ ಮುನ್ನ ಈ ಲೆಕ್ಕ ತಲೆಯಲ್ಲಿರಲಿ.

ಗೋಲ್ಡ್ ಫಿಷ್‌ನ ನೆನಪು ಮೂರೇ ಸೆಕೆಂಡ್ ಎಂಬ ಮಾತೂ ಸುಳ್ಳು. ಆಹಾರ ಹಾಕುವವರನ್ನು, ಹಾಕುವ ಹೊತ್ತನ್ನು ಅದು ಗುರುತಿಸುತ್ತದೆ. ಕಲಿತದ್ದನ್ನು ತಿಂಗಳುಗಟ್ಟಲೆ ನೆನಪಿಡುತ್ತದೆ. ನಿತ್ಯ ಊಟ ಹಾಕುವವರು ಹತ್ತಿರ ಬಂದರೆ ಗಾಜಿನ ಬಳಿಗೆ ಓಡಿ ಬರುವುದು ಇದೇ ಕಾರಣಕ್ಕೆ.

ಕಣ್ಣಿಗೆ ಕಾಣದ ವಿಷ

ಮೀನು ಉಸಿರಾಡುವಾಗಲೇ ಅದರ ಕಿವಿರುಗಳಿಂದ ಅಮೋನಿಯಾ ಹೊರಬೀಳುತ್ತದೆ. ಹಿಕ್ಕೆ, ಉಳಿದ ಆಹಾರ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಕೆರೆಯಲ್ಲಿ ಅದು ಅಪಾರ ನೀರಿನಲ್ಲಿ ಕರಗಿ ಹೋಗುತ್ತದೆ. ಮೂರು ಲೀಟರ್ ಬೋಗುಣಿಯಲ್ಲಿ ಹೋಗುವುದೆಲ್ಲಿಗೆ? ನೀರು ಪನ್ನೀರಿನಂತೆ ತಿಳಿಯಾಗಿ ಕಂಡರೂ ಅದರಲ್ಲಿ ವಿಷ ತುಂಬಿರಬಹುದು. ಅಮೋನಿಯಾ ಕಿವಿರುಗಳನ್ನು ಸುಡುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ನೋಡಿ 'ಹಸಿವಾಗಿದೆ' ಎಂದುಕೊಂಡು ಇನ್ನಷ್ಟು ಆಹಾರ ಸುರಿಯುತ್ತೇವೆ. ಅದು ಕೊಳೆತು ವಿಷ ಇನ್ನೂ ಹೆಚ್ಚುತ್ತದೆ.

ಇದಕ್ಕೆ ಪರಿಹಾರ ಪ್ರಕೃತಿಯಲ್ಲೇ ಇದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರುವುದನ್ನೇ ಅದು ತಡೆಯುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ನೈಟ್ರೇಟ್ ಅಷ್ಟೊಂದು ಅಪಾಯಕಾರಿಯಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ.

ಈ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ನೆಲೆಸುವುದು ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲುಗಳ ಮೇಲೆ. ಹೊಸ ತೊಟ್ಟಿಯಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಹೆಪ್ಪು ಹಾಕದ ಹಾಲು ಮೊಸರಾಗುವುದಿಲ್ಲ, ಹಾಗೆಯೇ ಬ್ಯಾಕ್ಟೀರಿಯಾ ಬೆಳೆಯದ ತೊಟ್ಟಿ ಮೀನಿನ ಮನೆಯಾಗುವುದಿಲ್ಲ. ಮೊಸರಿಗೆ ಒಂದು ರಾತ್ರಿ ಸಾಕು, ತೊಟ್ಟಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ, ಮೀನು ಎರಡನ್ನೂ ಒಂದೇ ದಿನ ಕೊಂಡು ತರುವುದೇ ನಾವು ಮಾಡುವ ಮೊದಲ ತಪ್ಪು.

ತೊಟ್ಟಿ ಎಷ್ಟು ದೊಡ್ಡದಿರಬೇಕು?

ದುಂಡು ಬೋಗುಣಿ ಬೇಡವೇ ಬೇಡ. ಅದರಲ್ಲಿ ಸರಿಯಾದ ಫಿಲ್ಟರ್ ಕೂರುವುದಿಲ್ಲ, ನೀರಿನ ಮೇಲ್ಮೈ ಕಿರಿದಾದ್ದರಿಂದ ಗಾಳಿಯೂ ಸಾಲದು. ಇಟಲಿಯ ಮೊಂಜಾ ನಗರ 2004ರಲ್ಲಿ, ರೋಮ್ ನಗರ 2005ರಲ್ಲಿ ದುಂಡು ಬೋಗುಣಿಯಲ್ಲಿ ಮೀನು ಇಡುವುದನ್ನೇ ನಿಷೇಧಿಸಿದವು.

ಗೋಲ್ಡ್ ಫಿಷ್ ಸಾಕುವವರು ಸಾಮಾನ್ಯವಾಗಿ ಅನುಸರಿಸುವ ಲೆಕ್ಕ ಹೀಗಿದೆ: ಮೊದಲ ಮೀನಿಗೆ ಸುಮಾರು 75 ಲೀಟರ್, ಆಮೇಲಿನ ಪ್ರತಿ ಮೀನಿಗೆ ಇನ್ನೂ 40 ಲೀಟರ್. ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಅಂಚಿನವರೆಗೆ ತುಂಬಿದರೂ ಹಿಡಿಯುವುದು 56 ಲೀಟರ್ ಮಾತ್ರ. ಒಂದು ಮೀನಿಗೂ ಅದು ಸಾಲದು. ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ ಮತ್ತು ಎತ್ತರದ ತೊಟ್ಟಿಯಾದರೆ ಎರಡು ಮೀನು ಆರಾಮವಾಗಿ ಇರುತ್ತವೆ.

ವಾಸ್ತು ಎಂದು ಒಂಬತ್ತು ಗೋಲ್ಡ್ ಫಿಷ್ ಇಡುವವರಿದ್ದಾರೆ, ಎಂಟು ಹೊಂಬಣ್ಣದವು, ಒಂದು ಕಪ್ಪು. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಮೇಲಿನ ಲೆಕ್ಕದ ಪ್ರಕಾರ ಒಂಬತ್ತು ಮೀನಿಗೆ ಬೇಕಾದದ್ದು ಸುಮಾರು 395 ಲೀಟರ್ ನೀರು. ಎರಡು ಅಡಿ ತೊಟ್ಟಿಗೆ ಒಂಬತ್ತನ್ನು ತುಂಬಿ, ಒಂದೊಂದೇ ಸಾಯುವಾಗ 'ಮನೆಗೆ ಬರಬೇಕಿದ್ದ ಕಂಟಕವನ್ನು ಮೀನು ಹೊತ್ತುಕೊಂಡು ಹೋಯಿತು' ಎಂದು ಸಮಾಧಾನ ಹೇಳಿಕೊಂಡರೆ ನಿಜವಾದ ಕಾರಣ ಎಂದೂ ಗೊತ್ತಾಗುವುದಿಲ್ಲ.

ತೂಕದ ಬಗ್ಗೆಯೂ ಯೋಚಿಸಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ನೂರು ಲೀಟರ್ ತೊಟ್ಟಿ ಎಂದರೆ ಗಾಜು, ಕಲ್ಲು ಸೇರಿ ಕ್ವಿಂಟಲಿಗೂ ಮಿಕ್ಕಿದ ಭಾರ. ಟಿವಿ ಸ್ಟ್ಯಾಂಡ್ ಮೇಲಿಡಬೇಡಿ. ಗಟ್ಟಿ ಸ್ಟ್ಯಾಂಡಿನ ಮೇಲೆ, ನೇರ ಬಿಸಿಲು ಬೀಳದ ಜಾಗದಲ್ಲಿಡಿ.

ಯಾವ ತಳಿ ಎಂಬುದೂ ಮುಖ್ಯ. ಒಂಟಿ ಬಾಲದ ಕಾಮನ್, ಕಾಮೆಟ್, ಶುಬುಂಕಿನ್ ತಳಿಗಳು ಒಂದಡಿಯವರೆಗೂ ಬೆಳೆಯಬಲ್ಲವು, ವೇಗವಾಗಿ ಈಜುತ್ತವೆ. ಇವಕ್ಕೆ ಕೊಳವೇ ಸರಿ. ಜೋಡಿ ಬಾಲದ ಒರಾಂಡಾ, ರಿಯುಕಿನ್, ಫ್ಯಾನ್‌ಟೇಲ್, ಬ್ಲ್ಯಾಕ್ ಮೂರ್ ತಳಿಗಳು ಗುಂಡಗೆ, ನಿಧಾನ. ಅಕ್ವೇರಿಯಂಗೆ ಇವು ಹೊಂದುತ್ತವೆ. ಎರಡನ್ನೂ ಬೆರೆಸಬೇಡಿ, ಚುರುಕಿನವು ಆಹಾರವನ್ನೆಲ್ಲ ತಿಂದು ಮುಗಿಸುತ್ತವೆ.

ಮೀನಿಲ್ಲದ ತೊಟ್ಟಿಗೆ ಹೆಪ್ಪು ಹಾಕುವುದು ಹೇಗೆ?

ತೊಟ್ಟಿಗೆ ನೀರು ತುಂಬಿ, ಕ್ಲೋರಿನ್ ತೆಗೆದು, ಫಿಲ್ಟರ್ ಹಾಕಿ ಹಗಲು ರಾತ್ರಿ ಓಡಲು ಬಿಡಿ. ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಗೆಳೆಯರ ಮನೆಯಲ್ಲಿ ಆರೋಗ್ಯವಾಗಿರುವ ಹಳೆಯ ಅಕ್ವೇರಿಯಂ ಇದ್ದರೆ ಅದರ ಫಿಲ್ಟರ್ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ, ಒಣಗಲು ಬಿಡದೆ ನಿಮ್ಮ ಫಿಲ್ಟರಿನೊಳಗೆ ಇಡಿ. ಪಕ್ಕದ ಮನೆಯಿಂದ ಹೆಪ್ಪು ತಂದಂತೆಯೇ ಇದು. ಕಾಯುವ ದಿನಗಳು ಸಾಕಷ್ಟು ಕಡಿಮೆಯಾಗುತ್ತವೆ.

ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಳೆಯುವ ಟೆಸ್ಟ್ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಬಣ್ಣದ ಕಲ್ಲಿಗೆ, ಪ್ಲಾಸ್ಟಿಕ್ ಗೊಂಬೆಗೆ ಹಾಕುವ ಹಣವನ್ನು ಇದಕ್ಕೆ ಹಾಕಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ನಂತರ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ನೈಟ್ರೇಟ್ ಕಾಣಿಸುತ್ತದೆ. ಆಹಾರದ ಚಿಟಿಕೆ ಹಾಕುತ್ತಿದ್ದರೂ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಲ್ಲೇ ನಿಂತರೆ ತೊಟ್ಟಿ ಸಿದ್ಧ. ಅರ್ಧದಷ್ಟು ನೀರು ಬದಲಿಸಿ, ಮೊದಲು ಒಂದು ಮೀನು ತನ್ನಿ. ಎರಡು ವಾರ ಕಳೆದು ಎರಡನೆಯದು ತನ್ನಿ.

ಮೀನು ಈಗಾಗಲೇ ಮನೆಗೆ ಬಂದುಬಿಟ್ಟಿದೆಯೇ? ಗಾಬರಿ ಬೇಡ. ಸಾಧ್ಯವಾದಷ್ಟು ದೊಡ್ಡ ಪಾತ್ರೆಗೆ, ಸದ್ಯಕ್ಕೆ ಸೋಪು ಮುಟ್ಟದ ಪ್ಲಾಸ್ಟಿಕ್ ಟಬ್ಬಿಗಾದರೂ, ಅದನ್ನು ಬದಲಿಸಿ. ಏರ್ ಪಂಪ್ ಹಾಕಿ. ಆಹಾರವನ್ನು ಒಂದು ದಿನ ಬಿಟ್ಟು ಒಂದು ದಿನ, ಚೂರೇ ಚೂರು ಕೊಡಿ. ದಿನವೂ ಕಾಲುಭಾಗದಿಂದ ಅರ್ಧದಷ್ಟು ನೀರು ಬದಲಿಸಿ. ಬ್ಯಾಕ್ಟೀರಿಯಾ ಬೆಳೆಯುವವರೆಗೆ ಆ ಕೆಲಸವನ್ನು ನೀವೇ ಮಾಡಬೇಕು. ಐದಾರು ವಾರ ಬೇಸರಿಸದೆ ಮಾಡಿದರೆ ಮೀನು ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ.

ನಿಮ್ಮೂರ ನಲ್ಲಿ ನೀರು ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ನೇರವಾಗಿ ಅಲ್ಲ. ನಗರದ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದು ಕಿವಿರುಗಳಿಗೂ ಕೆಡುಕು, ನಾವು ಬೆಳೆಸಿದ ಬ್ಯಾಕ್ಟೀರಿಯಾಗಳಿಗೂ ಮಾರಕ. ಬಕೆಟಿನಲ್ಲಿ ನೀರು ಹಿಡಿದು, ಏರ್ ಪಂಪ್ ಹಾಕಿ 24 ಗಂಟೆ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿಗಳನ್ನು ಬಾಟಲಿಯಲ್ಲಿ ಬರೆದ ಅಳತೆಯಂತೆ ಹಾಕಿ.

ಬೋರ್‌ವೆಲ್, ಟ್ಯಾಂಕರ್ ನೀರು ಕುಡಿಸುವವರಿಗೆ 'ಗಡಸು ನೀರು ಮೀನಿಗೆ ಆಗುತ್ತದೆಯೇ' ಎಂಬ ಚಿಂತೆ. ಗೋಲ್ಡ್ ಫಿಷ್‌ಗೆ ಸ್ವಲ್ಪ ಗಡಸು ನೀರೇ ಹಿತ. ಪಿಎಚ್ 7ರಿಂದ 8ರೊಳಗಿದ್ದರೆ ಸಾಕು. ತೀರಾ ಶುದ್ಧವಿರಲಿ ಎಂದು ಆರ್‌ಒ ನೀರನ್ನೇ ತುಂಬುವುದು ತಪ್ಪು. ಅದರಲ್ಲಿ ಮೀನಿಗೆ ಬೇಕಾದ ಖನಿಜಗಳೇ ಇರುವುದಿಲ್ಲ, ಪಿಎಚ್ ಕೂಡ ಸ್ಥಿರವಾಗಿ ನಿಲ್ಲುವುದಿಲ್ಲ. ಟ್ಯಾಂಕರ್ ನೀರು ಪ್ರತಿ ಸಲ ಬೇರೆ ಬೇರೆ ಮೂಲದಿಂದ ಬರುವುದರಿಂದ ಒಮ್ಮೆಗೇ ಹೆಚ್ಚು ಬದಲಿಸದಿರುವುದು ಕ್ಷೇಮ.

ಅಂಗಡಿಯಿಂದ ತಂದ ಮೀನನ್ನು ನೇರವಾಗಿ ತೊಟ್ಟಿಗೆ ಸುರಿಯಬೇಡಿ. ಕವರನ್ನು ಕಾಲು ಗಂಟೆ ತೊಟ್ಟಿಯ ನೀರಿನಲ್ಲಿ ತೇಲಿಬಿಡಿ. ನಂತರ ಕವರಿಗೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗಿ. ಇನ್ನೊಂದು ಅರ್ಧ ಗಂಟೆ ಬಿಟ್ಟು ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಿ. ಕವರಿನ ನೀರು ತೊಟ್ಟಿಗೆ ಬೇಡ, ಅದರ ಜೊತೆ ರೋಗವೂ ಬರಬಹುದು.

ಊಟ: ಕಡಿಮೆಯಾದರೆ ಚಿಂತೆಯಿಲ್ಲ, ಹೆಚ್ಚಾದರೆ ಅಪಾಯ

ಗೋಲ್ಡ್ ಫಿಷ್‌ಗೆ ನಮ್ಮಂತೆ ಜಠರವಿಲ್ಲ. ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಹಾಗಾಗಿ ಅದು ಸದಾ ಹಸಿದಂತೆಯೇ ವರ್ತಿಸುತ್ತದೆ, ಬೇಡಿದಷ್ಟು ಹಾಕಿದರೆ ಕೆಡುವುದು ನೀರು. ದಿನಕ್ಕೆ ಒಂದು ಅಥವಾ ಎರಡು ಸಲ, ಎರಡು ನಿಮಿಷದೊಳಗೆ ತಿಂದು ಮುಗಿಸುವಷ್ಟು ಮಾತ್ರ ಕೊಡಿ. ತೇಲುವ ಆಹಾರಕ್ಕಿಂತ ಮುಳುಗುವ ಕಾಳು ಒಳ್ಳೆಯದು. ತೇಲುವುದನ್ನು ತಿನ್ನುವಾಗ ಗುಂಡನೆಯ ತಳಿಗಳು ಗಾಳಿಯನ್ನೂ ನುಂಗುತ್ತವೆ. ವಾರಕ್ಕೊಂದೆರಡು ಸಲ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ, ಸೌತೆಕಾಯಿ ಚೂರು, ಪಾಲಕ್ ಸೊಪ್ಪು ಕೊಡಬಹುದು. ಅನ್ನ, ಬ್ರೆಡ್, ಬಿಸ್ಕತ್ತು, ಚಪಾತಿ ಬೇಡ. ಮನೆಯಲ್ಲಿ ಊಟ ಹಾಕುವ ಹೊಣೆ ಒಬ್ಬರದೇ ಆಗಿರಲಿ. ಇಲ್ಲದಿದ್ದರೆ ಅಜ್ಜ ಒಮ್ಮೆ, ಮೊಮ್ಮಗ ಒಮ್ಮೆ, ಕೆಲಸದವರು ಒಮ್ಮೆ ಹಾಕಿ ದಿನಕ್ಕೆ ಐದು ಊಟ ಆಗುತ್ತದೆ.

ವಾರದ ಅರ್ಧ ಗಂಟೆ ಕೆಲಸ

ವಾರಕ್ಕೊಮ್ಮೆ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ನೀರನ್ನು ಪೈಪಿನಿಂದ ಹೀರಿ ತೆಗೆಯಿರಿ. ಹೀರುವಾಗ ಕಲ್ಲುಗಳ ನಡುವಿನ ಕೊಳೆಯೂ ಬರಲಿ. ಅದೇ ಉಷ್ಣತೆಯ, ಕ್ಲೋರಿನ್ ಇಲ್ಲದ ನೀರು ತುಂಬಿ. ತೆಗೆದ ನೀರನ್ನು ಚೆಲ್ಲಬೇಡಿ, ಬಾಲ್ಕನಿಯ ಕುಂಡಗಳಿಗೆ, ತುಳಸಿಗಿಡಕ್ಕೆ ಅದು ಒಳ್ಳೆಯ ಗೊಬ್ಬರದ ನೀರು. ಆದರೆ ಉಪ್ಪು ಅಥವಾ ಔಷಧಿ ಹಾಕಿದ ನೀರು ಗಿಡಕ್ಕೆ ಬೇಡ.

ತಿಂಗಳಿಗೊಮ್ಮೆ ತೊಟ್ಟಿಯನ್ನೆಲ್ಲ ಖಾಲಿ ಮಾಡಿ, ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಫಳಫಳ ಹೊಳೆಯುವಂತೆ ತಿಕ್ಕುವವರಿದ್ದಾರೆ. ಶ್ರದ್ಧೆ ಒಳ್ಳೆಯದೇ, ಆದರೆ ಹಾಗೆ ಮಾಡಿದರೆ ಹೆಪ್ಪೇ ತೊಳೆದುಹೋಗುತ್ತದೆ. ಎರಡು ದಿನ ಬಿಟ್ಟು ಮೀನು ಸತ್ತರೆ 'ಇಷ್ಟು ಸ್ವಚ್ಛ ಮಾಡಿದರೂ ಸತ್ತಿತಲ್ಲ' ಎಂದು ಅಚ್ಚರಿಪಡುತ್ತಾರೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಮೆಲ್ಲಗೆ ಹಿಂಡಿ ಮತ್ತೆ ಹಾಕಿ. ಸೋಪು, ಡಿಟರ್ಜೆಂಟ್ ಎಂದಿಗೂ ಮುಟ್ಟಿಸಬೇಡಿ.

ಬೇಸಿಗೆ ಮತ್ತು ಕರೆಂಟ್

ಗೋಲ್ಡ್ ಫಿಷ್ ತಣ್ಣೀರಿನ ಮೀನು. 18ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಆದ್ದರಿಂದ ನಮ್ಮ ಬಹುತೇಕ ಊರುಗಳಲ್ಲಿ ಹೀಟರ್ ಬೇಕಿಲ್ಲ. ಕಷ್ಟ ಬರುವುದು ಬೇಸಿಗೆಯಲ್ಲಿ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಿಲಿಗ್ರಾಂ ಅಷ್ಟೇ. ಬಿಸಿ ಏರಿದಂತೆ ಅಮೋನಿಯಾದ ವಿಷವೂ ಹೆಚ್ಚುತ್ತದೆ. ಚೆನ್ನೈ, ಹೈದರಾಬಾದ್, ದೆಹಲಿಯ ಏಪ್ರಿಲ್ ಮೇ ತಿಂಗಳಲ್ಲಿ ಏರ್ ಪಂಪ್ ನಿಲ್ಲದಂತೆ ನೋಡಿಕೊಳ್ಳಿ. ಮುಚ್ಚಳದ ಬದಲು ಬಲೆ ಹಾಕಿ, ನೀರಿನ ಮೇಲೆ ಸಣ್ಣ ಫ್ಯಾನ್ ಗಾಳಿ ಬೀಸಲು ಬಿಡಿ. ತೊಟ್ಟಿಯ ದೀಪ ಆರಿಸಿ, ಆಹಾರ ತಗ್ಗಿಸಿ. ಐಸ್ ತುಂಡುಗಳನ್ನು ನೇರವಾಗಿ ಹಾಕಬೇಡಿ, ಒಮ್ಮೆಲೇ ತಂಪಾದರೂ ಮೀನಿಗೆ ಆಘಾತ.

ಕರೆಂಟ್ ಹೋದಾಗ ಫಿಲ್ಟರ್ ನಿಲ್ಲುತ್ತದೆ. ಬ್ಯಾಟರಿಯಿಂದ ಓಡುವ ಸಣ್ಣ ಏರ್ ಪಂಪ್ ಇಟ್ಟುಕೊಂಡರೆ ನಿಶ್ಚಿಂತೆ. ಅದೂ ಇಲ್ಲದಿದ್ದರೆ ಚೊಂಬಿನಿಂದ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಮೇಲಿಂದ ಸುರಿದರೂ ಗಾಳಿ ಸೇರುತ್ತದೆ.

ಮೀನು ಹೇಳುವ ಲಕ್ಷಣಗಳು

ಮೇಲೆ ಬಂದು ಬಾಯಿ ಬಿಡುವುದು, ತಳದಲ್ಲಿ ಸುಮ್ಮನೆ ಕೂರುವುದು, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಳ್ಳುವುದು, ಕಲ್ಲಿಗೆ ಮೈ ಉಜ್ಜುವುದು, ಆಹಾರ ಬಿಡುವುದು, ಇವು ಮೀನು ಹೇಳುವ ದೂರುಗಳು. ಔಷಧಿಗೆ ಓಡುವ ಮುನ್ನ ನೀರನ್ನು ಪರೀಕ್ಷಿಸಿ. ಅಮೋನಿಯಾ ಅಥವಾ ನೈಟ್ರೈಟ್ ಕಂಡರೆ ಅರ್ಧ ನೀರು ಬದಲಿಸಿ. ಬಹಳಷ್ಟು 'ರೋಗ'ಗಳಿಗೆ ಇದೇ ಮೊದಲ ಮದ್ದು.

ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳಿದ್ದರೆ ಅದು ಪರೋಪಜೀವಿಯಿಂದ ಬರುವ ವೈಟ್ ಸ್ಪಾಟ್. ಬೇಗ ಹರಡುತ್ತದೆ, ಬೇಗ ಚಿಕಿತ್ಸೆ ಆರಂಭಿಸಿದರೆ ಗುಣವಾಗುತ್ತದೆ. ಲೀಟರಿಗೆ ಒಂದರಿಂದ ಮೂರು ಗ್ರಾಂ ಉಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದೆರಡು ದಿನದಲ್ಲಿ ಹಂತ ಹಂತವಾಗಿ ಸೇರಿಸುವುದು ರೂಢಿ. ಗಂಡಿನ ಕಿವಿರು ಮುಚ್ಚಳದ ಮೇಲೆ ಮಾತ್ರ ಸಾಲಾಗಿ ಬಿಳಿ ಚುಕ್ಕೆಗಳಿದ್ದರೆ ಅದು ರೋಗವಲ್ಲ, ಮರಿ ಮಾಡುವ ಕಾಲದ ಗುರುತು. ಗುಂಡನೆಯ ಮೀನು ಪಲ್ಟಿ ಹೊಡೆದು ತೇಲಿದರೆ ಎರಡು ದಿನ ಉಪವಾಸ ಹಾಕಿ, ನಂತರ ಬೆಂದ ಬಟಾಣಿ ಕೊಡಿ. ಮೈ ಊದಿ ಹುರುಪೆಗಳೆಲ್ಲ ಎದ್ದು ನಿಂತರೆ ಸ್ಥಿತಿ ಗಂಭೀರ, ಮೀನು ಬಲ್ಲ ಪಶುವೈದ್ಯರನ್ನು ಕೇಳಿ.

ಜೊತೆಗಾರರ ವಿಷಯದಲ್ಲೂ ಎಚ್ಚರ. 'ಗಾಜು ಸ್ವಚ್ಛ ಮಾಡುತ್ತದೆ' ಎಂದು ಅಂಗಡಿಯವರು ಕೊಡುವ ಸಕ್ಕರ್ ಮೀನು ರಾತ್ರಿ ಗೋಲ್ಡ್ ಫಿಷ್‌ನ ಮೈಗೇ ಅಂಟಿ ಲೋಳೆ ಹೀರಬಹುದು. ಗೋಲ್ಡ್ ಫಿಷ್‌ಗೆ ಗೋಲ್ಡ್ ಫಿಷ್ಷೇ ಒಳ್ಳೆಯ ಜೊತೆ.

ಊರಿನ ಮನೆಯಲ್ಲಿ ಕೊಳ ಇದ್ದರೆ

ಅಂಗಳವಿರುವವರಿಗೆ ಕೊಳವೇ ಉತ್ತಮ. ಎರಡರಿಂದ ಮೂರು ಅಡಿ ಆಳವಿರಲಿ, ಆಳ ಕಡಿಮೆಯಾದರೆ ಬಿಸಿಲಿಗೆ ನೀರು ಕಾಯುತ್ತದೆ. ಅರ್ಧ ಭಾಗಕ್ಕಾದರೂ ನೆರಳಿರಲಿ, ನೈದಿಲೆ ಎಲೆಗಳೂ ನೆರಳು ಕೊಡುತ್ತವೆ. ಹೊಸ ಸಿಮೆಂಟ್ ತೊಟ್ಟಿಯಿಂದ ಸುಣ್ಣದ ಅಂಶ ಬಿಟ್ಟು ಪಿಎಚ್ ವಿಪರೀತ ಏರುತ್ತದೆ. ನೀರು ತುಂಬಿ ಖಾಲಿ ಮಾಡುವುದನ್ನು ಹಲವು ಸಲ ಮಾಡಿ, ಪಿಎಚ್ ಇಳಿದ ಮೇಲೆಯೇ ಮೀನು ಬಿಡಿ. ಮಿಂಚುಳ್ಳಿ, ಕೊಕ್ಕರೆ, ಬೆಕ್ಕುಗಳಿಂದ ಕಾಯಲು ಬಲೆ ಬೇಕು. ಮಳೆಗಾಲದಲ್ಲಿ ಕೊಳ ತುಂಬಿ ಹರಿದು ಮೀನು ಚರಂಡಿ ಸೇರದಂತೆ ನೀರು ಹೊರಹೋಗುವ ಕಿಂಡಿಗೆ ಜಾಲರಿ ಹಾಕಿ. ಸೊಳ್ಳೆಯ ಮರಿಗಳನ್ನು ಗೋಲ್ಡ್ ಫಿಷ್ ತಿಂದು ಮುಗಿಸುವುದು ಕೊಳದ ಇನ್ನೊಂದು ಲಾಭ. ಟೆರೇಸಿನ ಮೇಲೆ ಕೊಳ ಮಾಡುವ ಆಸೆಯಿದ್ದರೆ ಸಾವಿರ ಲೀಟರ್ ಎಂದರೆ ಒಂದು ಟನ್ ಎಂಬುದನ್ನು ಮರೆಯದೆ ಮೊದಲು ಎಂಜಿನಿಯರ್ ಅವರನ್ನು ಕೇಳಿ.

ಹಬ್ಬಕ್ಕೆ ಊರಿಗೆ ಹೊರಟಾಗ

ದಸರಾಕ್ಕೋ ಬೇಸಿಗೆ ರಜೆಗೋ ಊರಿಗೆ ಹೊರಟಾಗ ಮೀನಿನದ್ದೇ ಚಿಂತೆ. ಆರೋಗ್ಯವಾಗಿರುವ ದೊಡ್ಡ ಗೋಲ್ಡ್ ಫಿಷ್ ಒಂದು ವಾರ ಆಹಾರವಿಲ್ಲದೆ ಇರಬಲ್ಲದು. ಹೊರಡುವ ಹಿಂದಿನ ದಿನ ನೀರು ಬದಲಿಸಿ, ಫಿಲ್ಟರ್ ಓಡಲು ಬಿಟ್ಟು ಹೊರಡಿ. ಮೇನ್ ಸ್ವಿಚ್ ಆರಿಸಿ ಹೋಗುವ ಅಭ್ಯಾಸ ಇದ್ದರೆ ಈ ಬಾರಿ ನೆನಪಿಡಿ, ಮೀನಿನ ಉಸಿರು ಆ ಸ್ವಿಚ್ಚಿನಲ್ಲಿದೆ. ಇನ್ನೂ ಹೆಚ್ಚು ದಿನವಾದರೆ ಪಕ್ಕದ ಮನೆಯವರಿಗೆ ಡಬ್ಬಿಯನ್ನೇ ಕೊಡಬೇಡಿ. ಒಂದೊಂದು ದಿನದ ಆಹಾರವನ್ನು ಪೊಟ್ಟಣ ಕಟ್ಟಿ ಕೊಡಿ. ಪ್ರೀತಿ ಹೆಚ್ಚಾಗಿ ನೀರು ಕೆಡುವುದು ತಪ್ಪುತ್ತದೆ.

ಸಾಕಲಾಗದಿದ್ದರೆ ಕೆರೆಗೆ ಬಿಡಬೇಡಿ

ವರ್ಗಾವಣೆ ಆಯಿತು, ಮನೆ ಬದಲಾಯಿತು, ಮೀನು ದೊಡ್ಡದಾಯಿತು. ಆಗ 'ಕೆರೆಗೆ ಬಿಟ್ಟರೆ ಪುಣ್ಯ' ಎಂಬ ಯೋಚನೆ ಬರುತ್ತದೆ. ಅದು ಮೀನಿಗೂ ಕೆರೆಗೂ ಒಳ್ಳೆಯದಲ್ಲ. ಹೊಂಬಣ್ಣದ ಮೀನು ಹಕ್ಕಿಗಳ ಕಣ್ಣಿಗೆ ಸುಲಭವಾಗಿ ಬೀಳುತ್ತದೆ. ಬದುಕಿ ಉಳಿದರೆ ತಳದ ಕೆಸರು ಕೆದಕಿ ನೀರು ರಾಡಿ ಮಾಡುತ್ತದೆ, ಸ್ಥಳೀಯ ಮೀನುಗಳ ಮೊಟ್ಟೆ ತಿನ್ನುತ್ತದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಬರ್ನ್ಸ್‌ವಿಲ್ ನಗರದ ಕೆರೆಯಲ್ಲಿ ಜನ ಬಿಟ್ಟ ಗೋಲ್ಡ್ ಫಿಷ್‌ಗಳು ಭಾರೀ ಗಾತ್ರಕ್ಕೆ ಬೆಳೆದದ್ದನ್ನು ಕಂಡ ನಗರಾಡಳಿತ, ದಯವಿಟ್ಟು ಕೆರೆಗೆ ಬಿಡಬೇಡಿ ಎಂದು 2021ರಲ್ಲಿ ಚಿತ್ರಸಹಿತ ಮನವಿ ಮಾಡಬೇಕಾಯಿತು. ನಮ್ಮ ಕೆರೆಗಳಿಗೆ ಇರುವ ಕಷ್ಟವೇ ಸಾಕಷ್ಟಿದೆ. ದೊಡ್ಡ ತೊಟ್ಟಿ ಇರುವ ಪರಿಚಿತರಿಗೆ, ಕೊಳವಿರುವ ಶಾಲೆಗೆ ಕೊಡಿ. ಅಂಗಡಿಯವರನ್ನು ಕೇಳಿದರೆ ಅವರೂ ಹಿಂಪಡೆಯಬಹುದು.

ಮಗು ಗೋಲ್ಡ್ ಫಿಷ್ ಬೇಕೆಂದು ಕೇಳಿದರೆ ಬೇಡ ಎನ್ನಬೇಕಿಲ್ಲ. ಈ ಭಾನುವಾರ ತೊಟ್ಟಿ ಮತ್ತು ಟೆಸ್ಟ್ ಕಿಟ್ ಮಾತ್ರ ತನ್ನಿ. ದಿನಕ್ಕೊಂದು ಚಿಟಿಕೆ ಆಹಾರ ಹಾಕುವ ಕೆಲಸ, ಟೆಸ್ಟ್ ಕಿಟ್‌ನ ಬಣ್ಣ ನೋಡಿ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ಮಗುವಿಗೇ ಕೊಡಿ. ಐದಾರು ವಾರ ಖಾಲಿ ತೊಟ್ಟಿ ನೋಡಿದ ಮಗುವಿಗೆ ಮೀನು ಬರುವ ದಿನ ನಿಜವಾದ ಹಬ್ಬ. ಆ ಮೀನು ಮುಂದಿನ ಶುಕ್ರವಾರವೂ ಈಜುತ್ತಿರುತ್ತದೆ.